ಮೂವತ್ತೇಳನೇ ಪುಟದ ಅತ್ತೆಗಂಟು

ಬೆಳಗಿನ ಐದೂಕಾಲು. ದೋಣಿಕಟ್ಟೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಇಬ್ಬರು ಹೆಂಗಸರು ಒಂದೇ ಬಲೆಯ ಎರಡು ತುದಿ ಹಿಡಿದು ಕೂತಿದ್ದಾರೆ. ಒಬ್ಬರು ಗಂಟಕ್ಕ. ವಯಸ್ಸು ಅರವತ್ತು ದಾಟಿದೆ. ಕಾಲಿನ ಹೆಬ್ಬೆರಳಿಗೆ ಬಲೆ ಸಿಕ್ಕಿಸಿಕೊಂಡಿದ್ದಾರೆ, ಕೈಯಲ್ಲಿ ದಾರ ಸುತ್ತಿದ ಚಪ್ಪಟೆ ಸೂಜಿ. ಇನ್ನೊಬ್ಬರು ಅವರ ನಾದಿನಿ. ಗಂಟಕ್ಕ ಬಲೆ ಬಿಗಿ ಹಿಡಿಯಬೇಕಾದರೆ ನಾದಿನಿ ಒಂದು ಸಲ ಕೆಮ್ಮುತ್ತಾರೆ, ಸಡಿಲ ಬಿಡಬೇಕಾದರೆ ಎರಡು ಸಲ. ಎಂಟು ತಿಂಗಳಿಂದ ಇಬ್ಬರ ನಡುವೆ ನಡೆದಿರುವ ಮಾತುಕತೆ ಇಷ್ಟೇ.

ಗಂಟಕ್ಕನದು ಹರಿದ ಬಲೆ ರಿಪೇರಿಯ ಕೆಲಸ. ದಿನಕ್ಕೆ ಎರಡು ಬಲೆ, ಗಂಟೆಗೆ ಇನ್ನೂರು ಗಂಟು. ಬಲೆ ತಂದವರು ಹರಿದ ಜಾಗ ತೋರಿಸುತ್ತ ನಿಲ್ಲುವುದಿಲ್ಲ, ಬಾಗಿಲಲ್ಲೇ ಒಂದು ಮಾತು ಹೇಳುತ್ತಾರೆ. ‘ಕಣ್ಣು ಹೋಗಿದೆ’ ಎಂದರೆ ಒಂದೆರಡು ಎಳೆ ಕಿತ್ತಿದೆ, ನಿಂತ ಕಾಲಲ್ಲೇ ಮಾಡಿಕೊಡಬಹುದು. ‘ಬಾಯಿ ಬಿಟ್ಟಿದೆ’ ಎಂದರೆ ಅರ್ಧ ದಿನ. ‘ಹೊಟ್ಟೆ ಒಡೆದಿದೆ’ ಎಂದರೆ ಬಲೆ ಇಟ್ಟು ಮನೆಗೆ ಹೋಗಬೇಕು, ನಾಳೆ ಬರಬೇಕು. ಹೊಸದಾಗಿ ಮದುವೆಯಾದ ದೋಣಿಯವನೊಬ್ಬ ಫೋನಿನಲ್ಲಿ ಹೊಟ್ಟೆ ಒಡೆಯಿತು, ಬರುವುದು ತಡ ಎಂದಾಗ ಹೆಂಡತಿ ಅಳುತ್ತ ಆಸ್ಪತ್ರೆಗೆ ಓಡಿದ್ದಳಂತೆ.

ಹತ್ತೊಂಬತ್ತಕ್ಕೆ ಸೊಸೆಯಾಗಿ ಬಂದಾಗ ಗಂಟಕ್ಕನಿಗೆ ಬಲೆಯ ತಲೆಬುಡ ಗೊತ್ತಿರಲಿಲ್ಲ. ಕಲಿಸಿದವರು ಅತ್ತೆ. ಬಲೆಯ ಮೂಲೆ ಹಗ್ಗಕ್ಕೆ ಸೇರುವ ಕಡೆ ಬೀಳುವ ಒಂದೇ ಗಂಟನ್ನು ತಿಂಗಳುಗಟ್ಟಲೆ ಕಟ್ಟಿಸಿದರು, ಕತ್ತರಿಸಿ ಎಸೆದು ಮತ್ತೆ ಕಟ್ಟಿಸಿದರು. ಬೆರಳು ಕುಯ್ದರೆ ಬಟ್ಟೆ ಸುತ್ತಿ ಮತ್ತೆ ಕೂರಿಸಿದರು. ಊರಿಗೆಲ್ಲ ಅದು ಮೂಲೆಗಂಟು. ರೋಸಿಹೋದ ಸೊಸೆ ಮಾತ್ರ ಅದಕ್ಕೆ ಅತ್ತೆಗಂಟು ಎಂದು ಹೆಸರಿಟ್ಟಳು, ಅದೂ ಅಡುಗೆಮನೆಯಲ್ಲಿ, ಗಂಡನ ಕಿವಿಗಷ್ಟೇ.

ಎರಡು ವರ್ಷದ ಹಿಂದೆ ಮೀನುಗಾರರ ಮಾತುಗಳನ್ನು ಕಲೆಹಾಕಲು ಕಾಲೇಜಿನ ಮೇಡಂ ಒಬ್ಬರು ಬಂದರು. ಈ ಗಂಟಿಗೆ ಏನಂತೀರಿ ಎಂದು ಕೇಳಿದಾಗ ಗಂಟಕ್ಕನ ಬಾಯಿಂದ ಮನೆಯ ಮಾತು ಜಾರಿತು. ನಗುತ್ತ ಅರ್ಥವನ್ನೂ ಹೇಳಿದರು. ಅತ್ತೆ ತೀರಿಕೊಂಡು ಆಗಲೇ ನಾಲ್ಕು ವರ್ಷ. ಎಂಟು ತಿಂಗಳ ಹಿಂದೆ ಪುಸ್ತಕ ಬಂದ ದಿನ ಶೆಡ್ಡಿನಲ್ಲಿ ಎಲ್ಲರಿಗೂ ಓದಿ ಹೇಳುತ್ತಿದ್ದವರು ನಾದಿನಿಯೇ. ಮೂವತ್ತೇಳನೇ ಪುಟಕ್ಕೆ ಬಂದರು: “ಅತ್ತೆಗಂಟು: ಒಮ್ಮೆ ಬಿಗಿದರೆ ಬಿಡಿಸಿಕೊಳ್ಳಲಾಗದ ಗಂಟು. ಎಲ್ಲೆಡೆ ಬಳಕೆಯಲ್ಲಿದೆ.” ಪುಸ್ತಕ ಮುಚ್ಚಿದರು. “ನಮ್ಮಮ್ಮನ್ನ ಅಚ್ಚು ಹಾಕಿಸಿ ಆಡ್ಕೊಂಡ್ರಲ್ಲ ಅತ್ತಿಗೆ” ಎಂದರು. ಆಮೇಲೆ ಬರೀ ಕೆಮ್ಮು.

ಪುಸ್ತಕ ಎರಡನೇ ಸಲ ಅಚ್ಚಾಗುತ್ತಿದೆ, ಇವತ್ತು ಮೇಡಂ ತಿದ್ದುಪಡಿಗೆ ಬರುತ್ತಾರೆ. ಆ ಮಾತನ್ನು ತೆಗೆಸಿಹಾಕಬೇಕೆಂದು ಗಂಟಕ್ಕ ರಾತ್ರಿಯೇ ತೀರ್ಮಾನ ಮಾಡಿಕೊಂಡಿದ್ದಾರೆ. “ತಮಾಷೆಗೆ ಅಂದಿದ್ದು. ಆದ್ರೆ ಆ ಗಂಟು ಕಲ್ತಿದ್ದಕ್ಕೇ ಅಲ್ವಾ ನನ್ನ ಹೊಟ್ಟೆ ತುಂಬ್ತಿರೋದು? ಅದನ್ನ ಅವ್ರು ಇದ್ದಾಗ ಅವ್ರಿಗೆ ಹೇಳ್ಲೇ ಇಲ್ಲ” ಎಂದು ತಮಗೆ ತಾವೇ ಹೇಳಿಕೊಳ್ಳುತ್ತಾರೆ, ಸೂಜಿ ನಿಲ್ಲಿಸದೆ.

ಹತ್ತು ಗಂಟೆಗೆ ಮೇಡಂ ಬರುತ್ತಾರೆ. ಗಂಟಕ್ಕ ತಪ್ಪೊಪ್ಪಿಕೊಳ್ಳುತ್ತಾರೆ: ಎಲ್ಲೆಡೆ ಅಂದರೆ ನಮ್ಮ ಅಡುಗೆಮನೆ ಮಾತ್ರ. ಮೇಡಂ ತಲೆ ಕೆರೆದುಕೊಳ್ಳುತ್ತಾರೆ. ಪುಸ್ತಕ ಓದಿದ ಮೇಲೆ ಪಕ್ಕದ ಎರಡು ಕಟ್ಟೆಗಳಲ್ಲೂ ಹುಡುಗರು ಅತ್ತೆಗಂಟು ಎನ್ನುತ್ತಿದ್ದಾರೆ, ಹಗ್ಗದ ಅಂಗಡಿಯವನು ‘ಅತ್ತೆಗಂಟಿನ ದಾರ’ ಎಂದೇ ಮಾರುತ್ತಿದ್ದಾನೆ. ಜನರ ಬಾಯಿಗೆ ಬಿದ್ದ ಮಾತನ್ನು ತೆಗೆಯಲಾಗದು, ಬೇಕಾದರೆ ಅರ್ಥ ತಿದ್ದಬಹುದು, ಏನೆಂದು ಬರೆಯಲಿ ಎಂದು ಪೆನ್ನು ಹಿಡಿಯುತ್ತಾರೆ. ಗಂಟಕ್ಕ ಸೂಜಿಗೆ ದಾರ ಸುತ್ತತೊಡಗುತ್ತಾರೆ.

ಬಲೆಯ ಆಚೆ ತುದಿಯಲ್ಲಿ ಕೆಮ್ಮು ಕೇಳುತ್ತದೆ, ಹಿಂದೆಯೇ ದನಿ. “ಬಿಡಿಸಿಕೊಳ್ಳೋಕಾಗದ್ದು ಅಂತ ಬೇಡ ಮೇಡಂ. ಕೈಬಿಡದ ಗಂಟು ಅಂತ ಬರ್ಕೊಳ್ಳಿ.”

ಮೇಡಂ ಬರೆದುಕೊಳ್ಳುತ್ತಾರೆ. ಗಂಟಕ್ಕನಿಗೆ ಅಳು ಬರುತ್ತದೆ, ಮರೆಮಾಡುವುದಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ಮೂಲೆಯ ಗಂಟಿಗೆ ಕೈಹಾಕುತ್ತಾರೆ. ಎಳೆದ ದಾರ ಯಾಕೋ ಬರುವುದಿಲ್ಲ, ಬಲೆ ಬಿಗಿಯಾಗಿದೆ. ಎರಡು ಕೆಮ್ಮು ಬರಬೇಕಿತ್ತು, ಬರುವುದಿಲ್ಲ.

“ಅತ್ತಿಗೆ,” ಎನ್ನುತ್ತಾರೆ ನಾದಿನಿ, “ಸ್ವಲ್ಪ ಸಡಿಲ ಬಿಡಿ.”