ಹೋಟೆಲಿನ ಹಲಗೆಯ ಅಕ್ಷರ

ನಮ್ಮ ಸಂಘದ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿದವರ ಮನೆ ನೋಡಿ ಬರುವ ಕೆಲಸ ನನ್ನದಾಗಿತ್ತು. ಎಂ.ಎ. ಓದುತ್ತಿದ್ದ ಸದಾಶಿವ ಗ್ರಾಂಟ್ ರೋಡಿನ ಒಂದು ಹೋಟೆಲಿನ ವಿಳಾಸ ಕೊಟ್ಟಿದ್ದ. ಅರ್ಜಿಯ ಇಂಗ್ಲಿಷ್ ಅಕ್ಷರ ಅಚ್ಚು ಹೊಡೆದಂತಿತ್ತು. ಬೇರೆ ಯಾರೋ ಬರೆದುಕೊಟ್ಟದ್ದೆಂದು ನನಗೆ ಅನುಮಾನ.

ಸದಾಶಿವ ಇದ್ದಾನೆಯೇ ಎಂದು ಕೇಳಿದೆ. ಹಣದ ಗಲ್ಲೆಯಲ್ಲಿ ಕುಳಿತ ಮಾಲೀಕ ಶೆಟ್ಟರು ನನ್ನ ಫೈಲನ್ನೇ ದಿಟ್ಟಿಸಿದರು. "ಆ ಹೆಸರಿನ ಕೆಲಸದವರು ಇಲ್ಲಿಲ್ಲ ಮಾರಾಯ್ರೆ. ಇರುವುದೆಲ್ಲ ನಮ್ಮ ಮನೆಯವರು."

"ನಾನು ಬಂದದ್ದು ಸ್ಕಾಲರ್‌ಶಿಪ್ ವಿಷಯಕ್ಕೆ."

"ಹೋದ ಸಲ ಕೆಲಸದವರ ಲೆಕ್ಕ ತೆಗೆಯಲು ಲೇಬರ್ ಇನ್ಸ್‌ಪೆಕ್ಟರು ವಿಮೆಯವನು ಅಂತ ಹೇಳಿಕೊಂಡು ಬಂದಿದ್ದರು."

ಅರ್ಜಿ ಸುಳ್ಳೆಂದು ಬರೆಯಲು ನಿಶ್ಚಯಿಸಿ ಎದ್ದೆ. ಶೆಟ್ಟರ ತಲೆಯ ಮೇಲೆ ತಿಂಡಿಗಳ ಹೆಸರನ್ನು ಇಂಗ್ಲಿಷಿನಲ್ಲಿ ಬರೆದ ಹಲಗೆಯಿತ್ತು. ಅರ್ಜಿಯಲ್ಲಿದ್ದ ಅದೇ ಅಕ್ಷರ.

"ಚೆನ್ನಾಗಿ ಬರೆದಿದ್ದಾರೆ. ಯಾರು?"

"ನಮ್ಮ ಸದಾಶಿವ," ಎಂದವರು ತಡವರಿಸಿ, "ಅವನೂ ಮನೆಯವನೇ," ಎಂದರು.

ವಿದ್ಯಾರ್ಥಿವೇತನಕ್ಕೆ ಶಿಫಾರಸು ಮಾಡಿದೆ. ಕುಟುಂಬದ ಸದಸ್ಯರೆಷ್ಟು ಎಂಬ ಕಾಲಮನ್ನು ಮಾತ್ರ ಖಾಲಿ ಬಿಟ್ಟೆ.