ಟಗರಿಗೆ ನಾನು ಹಾಕಿದ ಕೂಗು

ಹೊಳಲ್ಕೆರೆಯ ಶಾಲೆಯೊಂದರಲ್ಲಿ ನಾನು ಇಂಗ್ಲಿಷ್ ಮೇಷ್ಟ್ರು. ಮೊನ್ನೆ ಪಾಠದಲ್ಲಿ ‘ಚಿಯರ್’ ಎಂಬ ಪದ ಬಂತು. ಹುರಿದುಂಬಿಸುವುದು ಎಂದು ಬೋರ್ಡಿನ ಮೇಲೆ ಬರೆದು ಕೈತೊಳೆದುಕೊಳ್ಳಬಹುದಿತ್ತು. ಸುಮ್ಮನಿರಲಾರದೆ ನಿಘಂಟು ತೆಗೆದೆ. ಆ ಪದಕ್ಕೆ ಮೊದಲಿದ್ದ ಅರ್ಥ ಮುಖವಂತೆ. ಹಳೆಯ ಫ್ರೆಂಚಿನಿಂದ ಬಂದದ್ದು. ಇನ್ನೂ ಹಿಂದೆ ಹೋದರೆ ಗ್ರೀಕಿನಲ್ಲಿ ತಲೆ. ಮುಖದಿಂದ ಮುಖಭಾವ, ಅದರಿಂದ ಮನಸ್ಸಿನ ಗೆಲುವು, ಒಳ್ಳೆಯ ಊಟ, ಕೊನೆಗೆ ಜನರ ಕೇಕೆ. ಥೂ, ತಲೆಗೂ ಕೇಕೆಗೂ ಇರುವ ನಂಟನ್ನು ನನಗೆ ನಿಘಂಟು ಹೇಳಿಕೊಡಬೇಕಿತ್ತೇ?

ನಮ್ಮದು ತಾಳ್ಯದ ಕಡೆ ಕುರಿ ಸಾಕುವ ಮನೆ. ಬಿ.ಎಡ್. ಮುಗಿಸಿ ಕೆಲಸವಿಲ್ಲದೆ ಕೂತಿದ್ದ ಎರಡು ವರ್ಷ, ಒಂದು ತಬ್ಬಲಿ ಮರಿಗೆ ಬಾಟಲಿ ಹಾಲು ಕುಡಿಸಿ ಟಗರು ಮಾಡಿದೆ. ನೆನೆಸಿದ ಹುರುಳಿ ಹಿಡಿದು ‘ಹುರ್ರ್ ಬಾ’ ಎಂದರೆ ಎಲ್ಲಿದ್ದರೂ ಓಡಿ ಬರುತ್ತಿತ್ತು.

ಅದನ್ನು ಮೊದಲ ಸಲ ಕಾಳಗಕ್ಕೆ ಕರೆದೊಯ್ದ ದಿನ ಅಪ್ಪ ಕಟ್ಟಪ್ಪಣೆ ಮಾಡಿದ್ದ. ಟಗರು ಮುಖ ತಿರುಗಿಸಿದರೆ ಸೋತಂತೆ, ಕಾಳಗ ಅಲ್ಲಿಗೆ ಮುಗಿಯಿತು. ಅದನ್ನು ಹಗ್ಗ ಹಾಕಿ ಹಿಡಿಯುವವರೆಗೆ ಮನೆಯವರು ತುಟಿ ಬಿಚ್ಚಬಾರದು.

ನಮ್ಮ ಟಗರು, ಎದುರಿನವರ ಟಗರು ಎರಡೂ ಹಿಂದೆ ಸರಿದು, ಓಡಿ ಬಂದು ಗುದ್ದುತ್ತಿದ್ದವು. ಬಂಡೆ ಒಡೆದ ಸದ್ದು. ಪ್ರತಿ ಗುದ್ದಿಗೂ ಜನ ಕುಣಿದು ಸಿಳ್ಳೆ ಹೊಡೆಯುತ್ತಿದ್ದರು. ಹನ್ನೆರಡನೆಯದಕ್ಕೆ ನಮ್ಮದರ ಕೊಂಬಿನ ಬುಡ ಸೀಳಿ ರಕ್ತ ಕಣ್ಣಿಗಿಳಿಯಿತು. ಅದು ತಿರುಗಿ ಹೊರಟಿತು. ಅಪ್ಪ ಹಗ್ಗ ಹಿಡಿದು ಒಳಗೆ ಓಡಿದ. ಎದುರಿನವರು ಗೊಳ್ಳೆಂದು ನಕ್ಕರು. ನನ್ನ ಮೈಯೆಲ್ಲ ಉರಿದುಹೋಯಿತು.

“ಹುರ್ರ್ ಬಾ! ಹೊಡಿ ಅದನ್ನ!”

ಅಷ್ಟು ಗದ್ದಲದಲ್ಲೂ ಅದಕ್ಕೆ ನನ್ನ ದನಿ ಕೇಳಿತು. ನಿಂತಿತು. ರಕ್ತ ಮೆತ್ತಿದ ಮುಖ ಎತ್ತಿ ಗುಂಪಿನಲ್ಲಿ ನನ್ನನ್ನೇ ಹುಡುಕಿತು. ಅಷ್ಟರಲ್ಲಿ ಇನ್ನೊಂದು ಟಗರು ಓಡಿಬಂದು ಅದರ ಕತ್ತಿಗೆ ಗುದ್ದಿತು. ಕತ್ತು ಲಟಕ್ಕೆಂದು ಮುರಿಯಿತು. ಕಾಲುಗಳು ಮಣ್ಣು ಕೆರೆಯುತ್ತಲೇ ಇದ್ದವು. ಆ ದಿನದ ದೊಡ್ಡ ಕೇಕೆ ಎದ್ದದ್ದು ಆಗಲೇ.

ಅಪ್ಪ ಕಣದಲ್ಲೇ ಕೂತು ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡ. ನನಗೆ ಹೊಡೆಯಲಿಲ್ಲ, ಹೊಡೆದಿದ್ದರೆ ಚೆನ್ನಾಗಿತ್ತು.

“ಸೋತಿತ್ತು ಕಣಲೇ,” ಅಂದ. “ಬದುಕಿತ್ತು.”

ಮಕ್ಕಳ ಕಬಡ್ಡಿ ಪಂದ್ಯದಲ್ಲಿ ನಾನು ಬಾಯಿ ಬಿಗಿದು ನಿಂತಿರುತ್ತೇನೆ. ಮೇಷ್ಟ್ರಿಗೆ ಗತ್ತು ಎಂದು ಅವರು ಮಾತಾಡಿಕೊಳ್ಳುತ್ತಾರೆ. ರಜೆಗೆ ಊರಿಗೆ ಹೋದರೆ ಕುರಿಗಳಿಗೆ ಹುರುಳಿ ಇಡುವುದು ಈಗಲೂ ನಾನೇ. ಕೂಗಿ ಕರೆಯುವುದು ಮಾತ್ರ ಅಪ್ಪ.