ಚಿಕ್ಕಮ್ಮ ಯಾವ ಲೇಯರಿನಲ್ಲಿ?

ಮನೆಯವರೆಲ್ಲ ಅವನನ್ನು ಗೆರೆ ಎಂದೇ ಕರೆಯುತ್ತಿದ್ದರು. ಉದ್ದಕ್ಕೆ, ತೆಳ್ಳಗೆ, ಸದ್ದಿಲ್ಲದೆ ಇದ್ದ. ಮೇಲಾಗಿ ಕಟ್ಟಡಗಳ ನಕ್ಷೆ ಬರೆದುಕೊಡುವುದೇ ಅವನ ಕಸುಬು. ಹಾಲಿನ ಮೂಲೆಯಲ್ಲಿ, ಹೊಲಿಗೆ ಯಂತ್ರಕ್ಕೂ ಕಿಟಕಿಗೂ ನಡುವೆ ಅವನ ಕಂಪ್ಯೂಟರು. ಅದರ ಮುಂದೆ ಕೂತನೆಂದರೆ ಮನೆ ಹೊತ್ತಿ ಉರಿದರೂ ಮೊದಲು ಫೈಲ್ ಉಳಿಸಿ ಆಮೇಲೆ ಏಳುವವನು. ಮಾತೆಂದರೆ ಮಾತ್ರ ಅವನಿಗೆ ಬೆವರು. ಊಟಕ್ಕೆ ಇನ್ನಷ್ಟು ಬೇಕಾದಾಗಲೂ ತಟ್ಟೆಯನ್ನು ಒಂದಿಷ್ಟು ಮುಂದಕ್ಕೆ ತಳ್ಳುತ್ತಿದ್ದನೇ ಹೊರತು ಬಾಯಿ ಬಿಡುತ್ತಿರಲಿಲ್ಲ.

ಕಂಪ್ಯೂಟರಿನ ನಕ್ಷೆ ಎಂದರೆ ಒಂದರ ಮೇಲೊಂದು ಇಟ್ಟ ಗಾಜಿನ ಹಾಳೆಗಳು. ಒಂದರಲ್ಲಿ ಗೋಡೆ, ಇನ್ನೊಂದರಲ್ಲಿ ಪೈಪು, ಮತ್ತೊಂದರಲ್ಲಿ ದೀಪ. ಈ ಹಾಳೆಗಳಿಗೆ ಲೇಯರ್ ಎಂದು ಹೆಸರು. ಬೇಡವಾದದ್ದನ್ನು ಆಫ್ ಮಾಡಬಹುದು, ಫ್ರೀಜ್ ಮಾಡಿ ಮಾಯ ಮಾಡಬಹುದು, ಯಾರೂ ಮುಟ್ಟದಂತೆ ಬೀಗವನ್ನೂ ಹಾಕಬಹುದು. ಬೇರೆಯವರು ಲೇಯರುಗಳಿಗೆ ಅಂಕಿ, ಅಕ್ಷರಗಳ ಹೆಸರು ಇಡುತ್ತಾರೆ. ಗೆರೆಗೆ ಅವು ನೆನಪಿನಲ್ಲಿ ನಿಲ್ಲುತ್ತಿರಲಿಲ್ಲ. ಆದ್ದರಿಂದ ಮನೆಯವರ ಹೆಸರಿಟ್ಟಿದ್ದ. ಗೋಡೆಗಳ ಲೇಯರು ಅಜ್ಜಿ. ಅವಳನ್ನು ಕದಲಿಸಿದರೆ ಮನೆಯೇ ಬೀಳುತ್ತದೆ. ವಿದ್ಯುತ್ ತಂತಿಗಳದು ಅಕ್ಕ. ಕೊಳಾಯಿ ಪೈಪುಗಳದು ದೊಡ್ಡಪ್ಪ. ಎಲ್ಲಿ ಮುಚ್ಚಿದರೂ ಇನ್ನೆಲ್ಲೋ ಸೋರಿ, ಮನೆಯ ಗುಟ್ಟನ್ನೆಲ್ಲ ಬೀದಿಗೆ ಬಿಡುವವನು. ಸೋಫಾ, ಮಂಚ, ಕುರ್ಚಿಗಳದು ಭಾವ. ಭಾವ ಅಕ್ಕನನ್ನು ಮದುವೆಯಾಗಿ ಈ ಮನೆಗೇ ಬಂದು ನೆಲೆಸಿದವನು, ಇಟ್ಟಲ್ಲಿ ಇರುತ್ತಿದ್ದ.

ಚಿಕ್ಕಮ್ಮ ಅಜ್ಜಿಯ ಕಿರಿ ಮಗಳು, ಗೆರೆಯ ಅಮ್ಮನ ತಂಗಿ. ಅಮ್ಮ ಇಲ್ಲದ ಮೇಲೆ ಅಕ್ಕನನ್ನೂ ಗೆರೆಯನ್ನೂ ಬೆಳೆಸಿದವಳು. ಅವಳಿಗೆ ಈ ಮನೆಯಲ್ಲಿ ಕೋಣೆ ಇರಲಿಲ್ಲ. ಹಾಲಿನಲ್ಲಿ, ಸೋಫಾದ ಹಿಂದೆ ಮಡಿಸುವ ಮಂಚ ಹಾಕಿ ಮಲಗುತ್ತಿದ್ದಳು. ಬಂದವರು ಮಾತು ಮುಗಿಸಿ ಏಳುವ ತನಕ ಅಡುಗೆಮನೆಯ ಬಾಗಿಲಿಗೆ ಒರಗಿ ಆಕಳಿಸುತ್ತಿದ್ದಳು. ಈಗ ಮೇಲೆ ಮಹಡಿ ಕಟ್ಟಿಸುವುದೆಂದು ಆದಾಗ ಅಜ್ಜಿ ಕಡ್ಡಿ ಮುರಿದ ಹಾಗೆ ಹೇಳಿದ್ದಳು: "ನಿನ್ನ ಅಕ್ಕ, ಭಾವಂಗೆ ಒಂದು ರೂಮು. ಇವಳಿಗೆ ಒಂದು ರೂಮು. ಮಿಕ್ಕಿದ್ದು ಜಾಗ ಇದ್ರೆ."

"ನನ್ನ ಉಯ್ಯಾಲೆ?" ಎಂದು ಭಾವ ಕೇಳಿದ್ದ. ಉಯ್ಯಾಲೆಯಲ್ಲಿ ಕೂತರೆ ತನಗೆ ಯೋಚನೆಗಳು ಚೆನ್ನಾಗಿ ಬರುತ್ತವೆ ಎಂದು ಅವನ ನಂಬಿಕೆ.

"ಮೊದ್ಲು ಯೋಚನೆ ಬರ್ಲಿ, ಆಮೇಲೆ ಉಯ್ಯಾಲೆ ತರೋಣ" ಎಂದಿದ್ದಳು ಅಕ್ಕ.

ಗೆರೆ ಹೊರಗಿನವರ ಎಷ್ಟೋ ಮನೆಗಳ ನಕ್ಷೆ ಬರೆದಿದ್ದ. ಆದರೆ ಚಿಕ್ಕಮ್ಮನ ಕೋಣೆಯ ಮೇಲೆ ಇಟ್ಟಷ್ಟು ಜೀವ ಎಲ್ಲಿಯೂ ಇಟ್ಟಿರಲಿಲ್ಲ. ಬೆಳಗಿನ ಬಿಸಿಲು ಬರುವ ಕಿಟಕಿ, ಒಳಗಿನಿಂದ ಹಾಕಿಕೊಳ್ಳುವ ಚಿಲಕ, ಗೋಡೆಯೊಳಗೇ ಕಪಾಟು. ಮುಗಿಸಿ, ಫೈಲನ್ನು ಕೆಲಸ ನೋಡಿಕೊಳ್ಳುವ ಎಂಜಿನಿಯರಮ್ಮನಿಗೆ ಕಳಿಸಿದ.

ಕಳಿಸಿದ ಸ್ವಲ್ಪ ಹೊತ್ತಿಗೇ ಅವರ ಫೋನು ಬಂತು. ಗೆರೆಯ ಫೋನು ಸ್ಪೀಕರ್ ಹಾಕಿದರೆ ಮಾತ್ರ ಕೇಳುವಷ್ಟು ಕೆಟ್ಟಿತ್ತು. ಹಾಗಾಗಿ ಹಾಲಿನಲ್ಲಿದ್ದವರೆಲ್ಲ ಕೇಳಿಸಿಕೊಂಡರು.

"ಸಾರ್, ಫೈಲ್ ಬಂತು. ಆದ್ರೆ ಮೂಲೆ ರೂಮೊಂದು ಬಿಟ್ರೆ ಎಲ್ಲೂ ಗೋಡೆನೇ ಇಲ್ಲ. ಪಕ್ಕದ ರೂಮಿನ ಮಂಚ ಗಾಳೀಲಿ ನಿಂತಿದೆ."

ಗೆರೆ ಗಂಟಲು ಸರಿಮಾಡಿಕೊಂಡ. "ಅದು... ಅಜ್ಜಿ ಫ್ರೀಜ್ ಆಗಿರ್ಬೇಕು."

"ಯಾರು?"

"ಗೋಡೆ ಲೇಯರ್ ಹೆಸರು ಮೇಡಂ. ಮಂಚ ಜೋಡಿಸೋವಾಗ ಅಡ್ಡ ಬರ್ತಿತ್ತು ಅಂತ ಫ್ರೀಜ್ ಮಾಡಿದ್ದೆ, ತೆಗೆಯೋದು ಮರ್ತೆ. ಪಟ್ಟೀಲಿ ಅಜ್ಜಿ ಅಂತ ಇದೆಯಲ್ಲ, ಮುಂದೆ ಹಿಮದ ಗುರುತಿದೆ. ಅದನ್ನೊತ್ತಿ."

"ಒತ್ತಿದೆ. ಹಾಂ, ಅಜ್ಜಿ ಬಂದ್ರು!"

ಕುರ್ಚಿಯಲ್ಲಿ ಕೂತು ಬಟಾಣಿ ಸುಲಿಯುತ್ತಿದ್ದ ಅಜ್ಜಿ ತಲೆಯೆತ್ತಿದಳು. "ನಾನು ಅಡ್ಡ ಬರ್ತಿದ್ನೇನೋ?"

ಗೆರೆ ಕೆಂಪಾಗಿ, ತಡವರಿಸುತ್ತ, ತಾನು ಲೇಯರುಗಳಿಗೆ ಹೆಸರಿಟ್ಟ ಬಗೆಯನ್ನು ಬಿಡಿಸಿ ಹೇಳಬೇಕಾಯಿತು. ಗೋಡೆ ಎಂದು ಕೇಳಿ ಅಜ್ಜಿಗೆ ಸಮಾಧಾನವಾಯಿತು. ಅಕ್ಕನಿಗೆ ಆಗಲಿಲ್ಲ.

"ನಾನ್ಯಾಕೋ ಕರೆಂಟು?"

ಭಾವನಿಗೆ ನಗು ತಡೆಯಲಾಗಲಿಲ್ಲ. "ಶಹಬ್ಬಾಸ್! ಸರಿಯಾದ ಹೆಸರು. ಮುಟ್ಟಿದವನಿಗೆ ಗೊತ್ತು."

"ಭಾವ ಅಂದ್ರೆ ಸೋಫಾ, ಕುರ್ಚಿ ಎಲ್ಲಾ, ಅಲ್ವಾ ಸಾರ್?" ಎಂದು ಫೋನಿನೊಳಗಿಂದ ಎಂಜಿನಿಯರಮ್ಮ ಖಾತ್ರಿ ಮಾಡಿಕೊಂಡರು.

ಭಾವನ ನಗು ಅಲ್ಲಿಗೇ ನಿಂತಿತು. "ನಾನೇನು ಸೋಫಾನಾ?"

"ಅದ್ರ ಮೇಲೆ ಕೂತ್ಕೊಂಡೇ ಕೇಳ್ತಿದ್ದೀರಲ್ಲ" ಎಂದಳು ಅಜ್ಜಿ.

ಈ ಗಲಾಟೆಯಲ್ಲಿ ಗೆರೆ ಒಂದು ಪ್ರಶ್ನೆ ಕೇಳಿಕೊಳ್ಳಲಿಲ್ಲ. ಗೋಡೆಗಳೆಲ್ಲ ಮಾಯವಾದಾಗ ಆ ಮೂಲೆಯ ಕೋಣೆಯ ಗೋಡೆ ಮಾತ್ರ ಹೇಗೆ ಉಳಿಯಿತು? ಕೇಳಿಕೊಂಡಿದ್ದರೆ ಮರುದಿನದ ಪಾಡು ತಪ್ಪುತ್ತಿತ್ತು.

ಮರುದಿನ ಬೆಳಿಗ್ಗೆ ಮೇಸ್ತ್ರಿ, ಎಂಜಿನಿಯರಮ್ಮ ಪ್ರಿಂಟ್ ಮಾಡಿಕೊಟ್ಟ ನಕ್ಷೆಯ ಹಾಳೆ ಹಿಡಿದು ಬಂದ. ಇಟ್ಟಿಗೆ ಆಗಲೇ ಮೇಲೆ ಸೇರಿತ್ತು. ಎಲ್ಲರಿಗಿಂತ ಮುಂಚೆ ಭಾವ ಹಾಳೆಯನ್ನು ಬಿಡಿಸಿ ನೋಡಿದ. ಅಕ್ಕ-ಭಾವನ ಕೋಣೆ ಇತ್ತು. ಅದರ ಪಕ್ಕದ ಮೂಲೆಯಲ್ಲಿ ಇರಬೇಕಾದ ಚಿಕ್ಕಮ್ಮನ ಕೋಣೆ ಇರಲಿಲ್ಲ. ಅಲ್ಲಿ ಬರೀ ಬಿಳಿ ಬಯಲು.

"ಉಯ್ಯಾಲೆಗೆ ಹೇಳಿ ಮಾಡಿಸಿದ ಜಾಗ!" ಎಂದ ಭಾವ. "ಕೊನೆಗೂ ಗೆರೆಗೆ ನನ್ನ ಮೇಲೆ ಪ್ರೀತಿ ಬಂತು ನೋಡಿ." ಅವನು ಹಗ್ಗ ತರಲು ಹೊರಟೇಬಿಟ್ಟ.

ಚಿಕ್ಕಮ್ಮ ಹಾಳೆಯನ್ನು ನೋಡಿದಳು, ಅಂಚು ಸರಿಮಾಡಿ ಮಡಿಸಿದಳು. "ಇರ್ಲಿ ಬಿಡು ಮರಿ. ಸೋಫಾ ಹಿಂದೆ ನಂಗೆ ಅಭ್ಯಾಸ ಆಗಿದೆ" ಎಂದಳು.

ಗೆರೆ ಓಡಿಹೋಗಿ ಫೈಲು ತೆರೆದ. ಕೋಣೆ ಪರದೆಯ ಮೇಲೆ ಕಿಟಕಿ, ಚಿಲಕ, ಕಪಾಟಿನ ಸಮೇತ ಇತ್ತು. ಮೇಸ್ತ್ರಿಯನ್ನು ಕೈ ಹಿಡಿದು ಎಳೆತಂದು ತೋರಿಸಿದ.

"ಅದ್ರೊಳಗೆ ಏನು ಬೇಕಾದ್ರೂ ಇರತ್ತೆ ಸಾರ್" ಎಂದ ಮೇಸ್ತ್ರಿ. "ಹಾಳೇಲಿ ಇದ್ರೆ ಕಟ್ತೀನಿ. ಇಲ್ದಿದ್ರೆ ಇಲ್ಲ. ಗಾರೆ ಕಲಸಾಯ್ತು, ಗಟ್ಟಿ ಆದ್ರೆ ನೀವು ತಿಂತೀರಾ?"

ಮೇಸ್ತ್ರಿ ಮೆಟ್ಟಿಲು ಹತ್ತಿದ. ಅಜ್ಜಿ ಬಟಾಣಿ ತಟ್ಟೆಯನ್ನು ಎತ್ತಿಕೊಂಡು, ಮಂಡಿ ಹಿಡಿದುಕೊಂಡು, ಅವನ ಹಿಂದೆಯೇ ಹತ್ತಿದಳು. ಹೋಗಿ ನೇರವಾಗಿ ಇಟ್ಟಿಗೆಯ ರಾಶಿಯ ಮೇಲೆ ಕೂತಳು.

"ಅಜ್ಜಿ, ಏಳ್ಬೇಕು, ಇಟ್ಟಿಗೆ ತೆಗೀಬೇಕು."

"ನಾನು ಗೋಡೆ ಅಂತಪ್ಪ" ಎಂದಳು ಅಜ್ಜಿ. "ಗೋಡೆ ಎಲ್ಲಾದ್ರೂ ಏಳತ್ತಾ? ಹುಡುಗ ಸರಿಮಾಡೋ ತನಕ ಇಲ್ಲೇ ಇರ್ತೀನಿ. ಬಟಾಣಿ ಸುಲೀತೀಯಾ?"

ಕೆಳಗೆ ಗೆರೆ ತಾನಾಗಿಯೇ ಎಂಜಿನಿಯರಮ್ಮನಿಗೆ ಫೋನು ಮಾಡಿದ. ಅವನು ತಾನಾಗಿ ಯಾರಿಗಾದರೂ ಫೋನು ಮಾಡಿದ್ದನ್ನು ಅಕ್ಕ ನೋಡಿದ್ದು ಅದೇ ಮೊದಲು.

"ನನ್ನ ಪರದೆ ಮೇಲೂ ಆ ರೂಮಿದೆ ಸಾರ್" ಎಂದರು ಅವರು. "ಪ್ರಿಂಟ್ ಕೊಟ್ರೆ ಮಾಯ. ಅದು ಯಾವ ಲೇಯರಲ್ಲಿದೆ ನೋಡಿ."

ಗೆರೆ ಚಿಕ್ಕಮ್ಮನ ಗೋಡೆಯ ಮೇಲೆ ಒತ್ತಿದ. ಹೆಸರು ಬಂತು: ಡೆಫ್‌ಪಾಯಿಂಟ್ಸ್. ಅವನು ಹಣೆ ಹಿಡಿದುಕೊಂಡ.

"ಅದ್ಯಾರೋ?" ಎಂದಳು ಅಕ್ಕ. "ನಮ್ಮ ನೆಂಟರಲ್ಲಿ ಆ ಹೆಸರಿನವರು ಯಾರೂ ಇಲ್ಲ."

"ನಾನಿಟ್ಟ ಹೆಸರಲ್ಲ ಅಕ್ಕ. ಅಳತೆ ಗುರುತು ಹಾಕಿದ್ರೆ ಕಂಪ್ಯೂಟರೇ ಈ ಲೇಯರ್ ಹುಟ್ಟಿಸ್ಕೊಳ್ಳತ್ತೆ. ಇದ್ರಲ್ಲಿ ಬರೆದಿದ್ದು ಪರದೆ ಮೇಲೆ ಕಾಣತ್ತೆ, ಕಾಗದಕ್ಕೆ ಬರಲ್ಲ. ತಲೆಕೆಳಗೆ ನಿಂತ್ರೂ ಬರಲ್ಲ."

"ಅದ್ರಲ್ಲಿ ಯಾಕೆ ಬರೆದೆ?"

"ಚಿಕ್ಕಮ್ಮಂಗೆ ಅಂತ ಬೇರೆ ಲೇಯರ್ ಮಾಡೋಣ ಅಂದ್ಕೊಂಡಿದ್ದೆ. ಅವಳನ್ನ ಯಾವ್ದಕ್ಕೆ ಹೋಲಿಸೋದು ಅಂತ ತಿಳೀಲಿಲ್ಲ. ಪೈಪಲ್ಲ, ಕರೆಂಟಲ್ಲ, ಸೋಫಾ ಅಂತೂ ಅಲ್ವೇ ಅಲ್ಲ. ಆಮೇಲೆ ಯೋಚಿಸೋಣ ಅಂತ, ಆಗ ಯಾವ ಲೇಯರಲ್ಲಿದ್ನೋ ಅದ್ರಲ್ಲೇ ಬರೆದ್ಬಿಟ್ಟೆ."

"ಅಜ್ಜಿ ಲೇಯರಿಗೇ ಹಾಕಿಬಿಡು, ಅವಳೂ ಗೋಡೆನೇ ತಾನೆ" ಎಂದಳು ಅಕ್ಕ.

ಅಡುಗೆಮನೆಯ ಬಾಗಿಲಿಗೆ ಒರಗಿದ್ದ ಚಿಕ್ಕಮ್ಮ ನೆಟ್ಟಗಾದಳು. "ಬೇಡ" ಎಂದಳು. "ಅಮ್ಮನ ಜೊತೆ ಹಾಕಿದ್ರೆ, ಇವನು ಅಮ್ಮನ್ನ ಫ್ರೀಜ್ ಮಾಡಿದಾಗ ನಾನೂ ಮಾಯ ಆಗ್ತೀನಿ. ನಂಗೆ ಬೇರೆನೇ ಬೇಕು."

ಫೋನಿನೊಳಗಿಂದ ಎಂಜಿನಿಯರಮ್ಮ, "ಇವರು ಯಾರು ಸಾರ್? ನಮ್ಮ ಆಫೀಸಿಗೆ ಬರ್ತಾರಾ ಕೇಳಿ" ಎಂದರು.

ಗೆರೆ ಹೊಸ ಲೇಯರು ತೆರೆದು, ಯಾವುದಕ್ಕೂ ಹೋಲಿಸದೆ, ಚಿಕ್ಕಮ್ಮ ಎಂದೇ ಹೆಸರಿಟ್ಟ. "ಯಾವ ಬಣ್ಣ?" ಎಂದು ಕೇಳಿದ.

"ಹಳದಿ."

"ಹಳದಿ ಬೇಡ ಚಿಕ್ಕಮ್ಮ. ಬಿಳೀ ಹಾಳೇಲಿ ಕಣ್ಣಿಗೇ ಬೀಳಲ್ಲ."

"ಹಾಗಾದ್ರೆ ಕೆಂಪು. ದಪ್ಪಗೆ."

ಕೋಣೆಯ ಗೆರೆಗಳನ್ನೆಲ್ಲ ಆರಿಸಿ ಹೊಸ ಲೇಯರಿಗೆ ಸರಿಸಿದ. ಈ ಬಾರಿ ಯಾರೂ ಫ್ರೀಜ್ ಆಗಿಲ್ಲವೆಂದು ಒಬ್ಬೊಬ್ಬರನ್ನೇ ಹೆಸರು ಹಿಡಿದು ನೋಡಿದ. ಫೈಲು ಕಳಿಸಿದ. ಎಂಜಿನಿಯರಮ್ಮನ ಸಾಫ್ಟ್‌ವೇರ್ ಅದನ್ನು ತೆರೆಯಲಿಲ್ಲ. ಅವನು ಆತುರದಲ್ಲಿ ಹೊಸ ಮಾದರಿಯಲ್ಲಿ ಉಳಿಸಿದ್ದ, ಅವರದು ಹಳೆಯದು. ಹಳೆಯ ಮಾದರಿಯಲ್ಲಿ ಉಳಿಸಿ ಮತ್ತೆ ಕಳಿಸಿದ. ಅಷ್ಟರಲ್ಲಿ ಮೇಲಿನಿಂದ ಮೇಸ್ತ್ರಿಯ ದನಿ ಕೇಳಿತು: "ಸಾರ್, ಬೇಗ! ಬಟಾಣಿ ಎಲ್ಲಾ ನಾನೇ ಸುಲೀತಾ ಇದ್ದೀನಿ!"

"ಪ್ರಿಂಟಲ್ಲಿ ಚಿಕ್ಕಮ್ಮ ಬಂದ್ರು ಸಾರ್" ಎಂದು ಫೋನು ಹೇಳಿತು. "ಕಣ್ಣು ಕುಕ್ಕೋ ಹಾಗೆ ಬಂದಿದ್ದಾರೆ."

ಎಂಜಿನಿಯರಮ್ಮ ಹಾಳೆಯನ್ನು ತಾವೇ ತಂದು ಮೇಸ್ತ್ರಿಯ ಕೈಗೆ ಕೊಟ್ಟರು. ಅಜ್ಜಿ ಇಟ್ಟಿಗೆಯಿಂದ ಎದ್ದಳು. ಮೇಸ್ತ್ರಿ ಮೂಲೆಯಿಂದ ಮೂಲೆಗೆ ದಾರ ಎಳೆದು, ನೆಲದ ಮೇಲೆ ಸುಣ್ಣದ ಪುಡಿಯಲ್ಲಿ ಚಿಕ್ಕಮ್ಮನ ಕೋಣೆಯನ್ನು ಗುರುತು ಹಾಕಿದ. ಬಾಗಿಲು ಬರುವಲ್ಲಿ ಮಾತ್ರ ಪುಡಿ ಹಾಕದೆ ಬಿಟ್ಟ. ಚಿಕ್ಕಮ್ಮ ಆ ಸಂದಿನಿಂದ ಒಳಗೆ ಹೋಗಿ, ಕಿಟಕಿ ಬರುವ ಕಡೆ ಮುಖ ಮಾಡಿ ನಿಂತಳು.

ಆ ಹೊತ್ತಿಗೆ ಭಾವ ಹಗ್ಗದ ಸುರುಳಿಯನ್ನು ಹೆಗಲಿಗೆ ಹಾಕಿಕೊಂಡು ಮೇಲೆ ಬಂದ. ನಡೆದದ್ದೊಂದೂ ಅವನಿಗೆ ಗೊತ್ತಿರಲಿಲ್ಲ. ಬಂದವನೇ ಬಿಳಿ ಗೆರೆಯನ್ನು ದಾಟಲು ಕಾಲೆತ್ತಿದ.

"ಅಳಿಯಂದಿರೇ" ಎಂದಳು ಚಿಕ್ಕಮ್ಮ, "ಅದು ಗೋಡೆ. ಬಾಗಿಲು ಈ ಕಡೆ."

ಭಾವ ಎತ್ತಿದ ಕಾಲನ್ನು ಹಾಗೆಯೇ ಹಿಂದಕ್ಕೆ ಇಟ್ಟ. ಅಕ್ಕನ ಮುಖ ನೋಡಿದ, ಗೆರೆಯ ಮುಖ ನೋಡಿದ. ಯಾರೂ ಅವನ ಸಹಾಯಕ್ಕೆ ಬರಲಿಲ್ಲ. ಸುತ್ತು ಹಾಕಿಕೊಂಡು ಹೋಗಿ, ಇನ್ನೂ ಇಲ್ಲದ ಬಾಗಿಲಿನ ಮುಂದೆ ನಿಂತು, "ಒಳಗೆ ಬರ್ಲಾ?" ಎಂದು ಕೇಳಿದ.

ಚಿಕ್ಕಮ್ಮ ಅವನ ಹೆಗಲ ಮೇಲಿನ ಸುರುಳಿಯನ್ನು ನೋಡಿದಳು.

"ಹಗ್ಗ ಹೊರಗಿಟ್ಟು ಬನ್ನಿ."